ಕುಂದಗೋಳದಿಂದ ಪುಣೆಗೆ: ಬಡಾ ಖಯಾಲ್ ಕೇಳೋದು ಹೇಗೆ?

ಈ ಸಲದ ವಿಡಿಯೋದ ಬರಹರೂಪ ಇದು. ಮಾತಿನಲ್ಲಿ ಹೇಳಿದ್ದನ್ನ ಸ್ವಲ್ಪ ತಿದ್ದಿ, ಕ್ರಮವಾಗಿ ಜೋಡಿಸಿದ್ದೀನಿ. ವಿಡಿಯೋದಲ್ಲಿ ತಬಲಾ ಬೋಲ್‌ಗಳನ್ನ ಬಾಯಲ್ಲೇ ಹೇಳಿ ತೋರಿಸಿದ್ದೆ. ಇಲ್ಲಿ ಅಕ್ಷರದಲ್ಲಿ ಕೊಟ್ಟಿದ್ದೀನಿ. ಓದುವಾಗ ಬೆರಳಲ್ಲಿ ಎಣಿಸಿಕೊಳ್ಳಿ, ಆಗ ಮಾತ್ರ ಉಪಯೋಗ.

ಮೊದಲೇ ಹೇಳಿಬಿಡ್ತೀನಿ, ನಾನು ಗಾಯಕ ಅಲ್ಲ. ಎಂಟೆಕ್ ಮಾಡಿ ಕೋಡ್ ಬರೆಯೋ ಕೆಲಸಕ್ಕೆ ಪುಣೆಗೆ ಬಂದವನು. ಕೇಳೋದನ್ನ ತಡವಾಗಿ ಕಲಿತ ಒಬ್ಬ ಕೇಳುಗ, ಅಷ್ಟೇ. ಹಾಗಾಗಿ ಇದು ಹಾಡುವವರಿಗೆ ಪಾಠ ಅಲ್ಲ. ಡಿಸೆಂಬರ್‌ನಲ್ಲಿ ಟಿಕೆಟ್ ತಗೊಂಡು ಹೋಗಿ, ಅರ್ಧ ಗಂಟೆಗೆ ಮೊಬೈಲ್ ತೆಗೆಯೋ ನಮ್ಮಂಥವರಿಗೆ.

ರಮಣಬಾಗ್‌ನ ಆ ಸಂಜೆ

ಪುಣೆಗೆ ಬಂದ ಮೊದಲ ವರ್ಷ ಆಫೀಸಿನ ಮರಾಠಿ ಗೆಳೆಯರು ‘ಸವಾಯಿಗೆ ಬರಲ್ವಾ?’ ಅಂತ ಕೇಳಿದ್ರು. ಇಲ್ಲಿನವರಿಗೆ ‘ಸವಾಯಿ’ ಅಂದರೆ ಸಾಕು, ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಅಂತ ಗೊತ್ತಾಗುತ್ತೆ. ಆಗ ಅದು ನ್ಯೂ ಇಂಗ್ಲಿಷ್ ಸ್ಕೂಲ್‌ನ ರಮಣಬಾಗ್ ಮೈದಾನದಲ್ಲಿ ನಡೀತಿತ್ತು. ದೊಡ್ಡ ಪೆಂಡಾಲು, ಸಾವಿರಾರು ಜನ, ನೆಲದ ಮೇಲೆ ಬೈಠಕ್, ಹಿಂದೆ ಕುರ್ಚಿ, ಹೊರಗೆ ಬಟಾಟೆವಡಾ ಮತ್ತು ಚಹಾ.

ನಾನು ಬೈಠಕ್‌ನಲ್ಲಿ ಕೂತೆ. ಗಾಯಕರು ಶುರು ಮಾಡಿದ್ರು. ಹತ್ತು ನಿಮಿಷ ಆಯ್ತು, ಇಪ್ಪತ್ತು ಆಯ್ತು. ಅದೇ ಎರಡು ಮೂರು ಶಬ್ದ, ಅದೇ ನಾಲ್ಕೈದು ಸ್ವರ. ಹಾಡು ಯಾವಾಗ ಶುರುವಾಗುತ್ತೆ ಅಂತ ಕಾಯ್ತಾನೇ ಇದ್ದೆ. ಆಮೇಲೆ ಮೊಬೈಲ್ ತೆಗೆದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಕೂತಿದ್ರು, ತೊಡೆಯ ಮೇಲೆ ಬೆರಳು ಮಡಚುತ್ತಾ ಎಣಿಸ್ತಾ ಇದ್ರು. ಮಧ್ಯಂತರದಲ್ಲಿ ಮಾತಾಡಿಸಿದ್ರು. ಹಾವೇರಿಯವನು ಅಂದೆ. ಅವರ ಮುಖ ಅರಳಿತು. ‘ಅಂದ್ರೆ ಕುಂದಗೋಳದ ಪಕ್ಕದವರು! ಇದೆಲ್ಲ ನಿಮ್ಮದೇ ಅಲ್ವಾ?’ ಅಂದ್ರು. ಕುಂದಗೋಳದ ವಾಡೆ ಹೇಗಿದೆ, ಅಲ್ಲಿ ಈಗಲೂ ಹಾಡ್ತಾರಾ ಅಂತ ಕೇಳಿದ್ರು.

ಕುಂದಗೋಳ ನನಗೆ ಗೊತ್ತಿತ್ತು. ಹಾವೇರಿಯಿಂದ ಹುಬ್ಬಳ್ಳಿಗೆ ಕಾಲೇಜಿಗೆ ಹೋಗುವ ಪ್ಯಾಸೆಂಜರ್ ಗಾಡಿ ಅಲ್ಲಿ ನಿಲ್ಲುತ್ತೆ. ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ. ಆ ಬೋರ್ಡನ್ನ ನೂರಾರು ಸಲ ನೋಡಿದ್ದೆ. ಒಮ್ಮೆಯೂ ಇಳಿದಿರಲಿಲ್ಲ. ಪುಣೆಯ ಅಜ್ಜನೊಬ್ಬರು ನನ್ನೂರಿನ ಬಗ್ಗೆ ನನಗೇ ಹೇಳ್ತಾ ಇದ್ರು, ನನ್ನ ಹತ್ತಿರ ವಾಪಸ್ ಹೇಳೋಕೆ ಒಂದು ವಾಕ್ಯ ಇರಲಿಲ್ಲ. ಆ ರಾತ್ರಿ ಕಾರ್ಯಕ್ರಮ ಮುಗಿಯೋ ಮುಂಚೆ ಎದ್ದು ಬಂದೆ. ಬೇಜಾರಾಗಿ ಅಲ್ಲ, ನಾಚಿಕೆಯಾಗಿ.

ನಮ್ಮೂರಿನವರು ಇಲ್ಲಿಗೆ ಬಂದದ್ದು

ಸವಾಯಿ ಗಂಧರ್ವ ಅನ್ನೋದು ಬಿರುದು. ಹೆಸರು ರಾಮಭಾವು ಕುಂದಗೋಳಕರ. 1886ರಲ್ಲಿ ಹುಟ್ಟಿದವರು. ಗುರು ಉಸ್ತಾದ್ ಅಬ್ದುಲ್ ಕರೀಮ್ ಖಾನ್, ಉತ್ತರ ಪ್ರದೇಶದ ಕೈರಾನಾ ಊರಿನವರು. ಆ ಊರಿನ ಹೆಸರೇ ‘ಕಿರಾಣಾ’ ಘರಾಣೆಗೆ ಬಂತು. ಖಾನ್ ಸಾಹೇಬರು ಮೈಸೂರು ಅರಮನೆಗೂ ಹೋಗಿ ಹಾಡಿದವರು, ನೆಲೆ ನಿಂತದ್ದು ಮಿರಜದಲ್ಲಿ.

ನಕ್ಷೆ ತೆಗೆದು ನೋಡಿ. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ನಾವು ಹಬ್ಬಕ್ಕೆ ಊರಿಗೆ ಹೋಗೋ ದಾರಿಯ ಸುತ್ತಮುತ್ತಲೇ ಎಲ್ಲ ಇದೆ. 1956ರ ತನಕ ಧಾರವಾಡ, ಬೆಳಗಾವಿ ಕಡೆಯ ಭಾಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ರೈಲು ಇತ್ತು. ಮರಾಠಿ ನಾಟಕ ಕಂಪನಿಗಳು ಆ ಕಡೆಗೆ ಬರ್ತಿದ್ವು, ನಮ್ಮವರು ಈ ಕಡೆಗೆ ಬರ್ತಿದ್ರು. ಮಿರಜದಲ್ಲಿ ತಂಬೂರಿ ತಯಾರಾಗ್ತಿತ್ತು, ಈಗಲೂ ಆಗುತ್ತೆ. ಉತ್ತರ ಭಾರತದ ಸಂಗೀತ ಉತ್ತರ ಕರ್ನಾಟಕಕ್ಕೆ ಇಳಿದದ್ದು ಈ ದಾರಿಯಲ್ಲಿ.

ಸವಾಯಿ ಗಂಧರ್ವರು ಕುಂದಗೋಳದಲ್ಲಿ ಕಲಿಸಿದ ಶಿಷ್ಯರಲ್ಲಿ ಇಬ್ಬರನ್ನ ಹೇಳ್ತೀನಿ. ಒಬ್ಬರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಕಲಿತು ವಾಪಸ್ ಬರ್ತಿದ್ರು. ನಾನು ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ದಾಟಿದ ಅದೇ ಹಳಿ. ಇನ್ನೊಬ್ಬರು ಭೀಮಸೇನ ಜೋಶಿ. 1922ರಲ್ಲಿ ರೋಣದಲ್ಲಿ ಹುಟ್ಟಿ, ಗದಗದಲ್ಲಿ ಬೆಳೆದು, ಹನ್ನೊಂದನೇ ವಯಸ್ಸಿಗೆ ಗುರುವನ್ನ ಹುಡುಕಿ ಮನೆ ಬಿಟ್ಟವರು. ಗ್ವಾಲಿಯರ್, ರಾಂಪುರ, ಜಲಂಧರ ಅಂತ ಸುತ್ತಿ, ಕೊನೆಗೆ ಗುರು ಸಿಕ್ಕಿದ್ದು ಮನೆಯ ಪಕ್ಕದ ಕುಂದಗೋಳದಲ್ಲಿ.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಗುರುವಿನ ಪುಣ್ಯತಿಥಿಗೆ ಅಂತ ಶಿಷ್ಯರು ಇಲ್ಲಿ ಸಂಗೀತ ಸಭೆ ಶುರು ಮಾಡಿದ್ರು. ಮುಂದೆ ನಿಂತು ನಡೆಸಿದವರು ಭೀಮಸೇನ ಜೋಶಿ. ಸಂಘಟಿಸುವ ಸಂಸ್ಥೆ ಆರ್ಯ ಸಂಗೀತ ಪ್ರಸಾರಕ ಮಂಡಳ. 2011ರ ಜನವರಿ 24ರಂದು ಭೀಮಸೇನರೂ ಹೋದ ಮೇಲೆ ಉತ್ಸವದ ಹೆಸರಿಗೆ ಅವರ ಹೆಸರೂ ಸೇರಿತು. ಅಂದರೆ ಪುಣೆಯ ಅತಿ ದೊಡ್ಡ ಸಂಗೀತ ಉತ್ಸವ ಈಗ ಇಬ್ಬರು ಕನ್ನಡ ನೆಲದವರ ಹೆಸರಲ್ಲಿದೆ.

ಇದನ್ನ ಕೇಳಿ ಹೆಮ್ಮೆ ಪಡೋದು ಸುಲಭ. ಆದರೆ ಹೆಮ್ಮೆಯಿಂದ ಹಾಡು ಅರ್ಥ ಆಗಲ್ಲ. ಅವರು ಏನು ಹಾಡಿದ್ರು ಅನ್ನೋದಕ್ಕೆ ಬರೋಣ.

ಅರ್ಧ ಪುಟದ ಬಂದಿಶ್, ಒಂದು ಗಂಟೆಯ ಹಾಡು

ಖಯಾಲ್ ಅಂದರೆ ಪರ್ಶಿಯನ್ ಮೂಲಕ ಬಂದ ಅರಬ್ಬಿ ಶಬ್ದ. ಯೋಚನೆ, ಕಲ್ಪನೆ ಅಂತ ಅರ್ಥ. ಇದಕ್ಕಿಂತ ಹಳೆಯದು ಧ್ರುಪದ. ಅದಕ್ಕೆ ನಾಲ್ಕು ಭಾಗ: ಸ್ಥಾಯಿ, ಅಂತರಾ, ಸಂಚಾರಿ, ಆಭೋಗ. ಖಯಾಲ್‌ಗೆ ಎರಡೇ: ಸ್ಥಾಯಿ ಮತ್ತು ಅಂತರಾ. ಸ್ಥಾಯಿ ಕೆಳಗಿನ ಮತ್ತು ಮಧ್ಯದ ಸ್ವರಗಳಲ್ಲಿ ಓಡಾಡುತ್ತೆ, ಅಂತರಾ ಮೇಲಿನ ಷಡ್ಜಕ್ಕೆ ಏರುತ್ತೆ. ಈ ಎರಡು ಭಾಗದ ಪುಟ್ಟ ರಚನೆಗೆ ಬಂದಿಶ್ ಅಂತಾರೆ. ಬರೆದರೆ ನೋಟ್‌ಬುಕ್‌ನ ಅರ್ಧ ಪುಟ. ಸಾಮಾನ್ಯವಾಗಿ ಬ್ರಜ್ ಭಾಷೆ.

ದೆಹಲಿಯಲ್ಲಿ ಮೊಘಲ್ ದೊರೆ ಮುಹಮ್ಮದ್ ಶಾಹ್ ಆಳಿದ್ದು 1719ರಿಂದ 1748ರವರೆಗೆ. ಅವನ ಆಸ್ಥಾನದಲ್ಲಿದ್ದ ನಿಯಾಮತ್ ಖಾನ್ ‘ಸದಾರಂಗ’ ಎಂಬ ಅಂಕಿತದಲ್ಲಿ ಬಂದಿಶ್‌ಗಳನ್ನ ಕಟ್ಟಿದ. ಅವುಗಳನ್ನ ಇವತ್ತಿಗೂ ಹಾಡ್ತಾರೆ. ದಾಸರ ಪದದಲ್ಲಿ ‘ಪುರಂದರವಿಠಲ’ ಬರುವ ಹಾಗೆ ಬಂದಿಶ್‌ನ ಕೊನೆಯಲ್ಲಿ ‘ಸದಾರಂಗ’ ಅಂತ ಬಂದರೆ ಕಿವಿ ಕೊಡಿ.

ಇದರ ಸ್ವಲ್ಪ ನಂತರ ಯುರೋಪಿನಲ್ಲಿ ಏನಾಗ್ತಿತ್ತು? ಅಲ್ಲಿ ‘ಕ್ಲಾಸಿಕಲ್ ಯುಗ’ ಅಂತ ಕರೆಯೋದು ಹೆಚ್ಚುಕಡಿಮೆ 1750ರಿಂದ 1820ರ ಕಾಲವನ್ನ. ಹೇಡನ್, ಮೊಜಾರ್ಟ್, ಬೀಥೋವನ್. ಅವರ ಮುಖ್ಯ ಅಚ್ಚು ಸೊನಾಟಾ ರೂಪ. ಮೊದಲು ಒಂದು ಸಂಗತಿಯನ್ನ ಮನೆಯ ಶ್ರುತಿಯಲ್ಲಿ ಹೇಳ್ತಾರೆ, ಇನ್ನೊಂದನ್ನ ಬೇರೆ ಶ್ರುತಿಯಲ್ಲಿ ಹೇಳ್ತಾರೆ. ಆಮೇಲೆ ಎರಡನ್ನೂ ಒಡೆದು, ತಿರುಗಿಸಿ, ದೂರ ದೂರ ಒಯ್ತಾರೆ. ಕೊನೆಗೆ ಎರಡೂ ಮನೆಯ ಶ್ರುತಿಗೇ ವಾಪಸ್ ಬರುತ್ತವೆ. ಹೊರಗೆ ಹೋಗೋದು, ಮನೆಗೆ ಬರೋದು. ಕೇಳುಗನಿಗೆ ಸಿಗೋ ಸುಖ ಆ ವಾಪಸಾತಿಯದು.

ಖಯಾಲ್‌ನ ಸುಖವೂ ಅದೇ. ವ್ಯತ್ಯಾಸ ಎರಡು. ಸೊನಾಟಾದಲ್ಲಿ ದೊಡ್ಡ ವಾಪಸಾತಿ ಬಹುಮಟ್ಟಿಗೆ ಒಂದೇ ಸಲ, ಖಯಾಲ್‌ನಲ್ಲಿ ಪ್ರತಿ ಆವರ್ತನಕ್ಕೂ. ಎರಡನೇದು, ಸೊನಾಟಾದ ಬಹುತೇಕ ಪ್ರತಿ ಸ್ವರವೂ ಕಾಗದದ ಮೇಲಿದೆ. ಖಯಾಲ್‌ನಲ್ಲಿ ಕಾಗದದ ಮೇಲಿರೋದು ಆ ಅರ್ಧ ಪುಟ ಮಾತ್ರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಪೆಕ್ ಅರ್ಧ ಪುಟ, ಇಂಪ್ಲಿಮೆಂಟೇಶನ್ ಪ್ರತಿ ಸಂಜೆ ಹೊಸದು, ಅದೂ ಲೈವ್ ಪ್ರೊಡಕ್ಷನ್‌ನಲ್ಲಿ.

ಮೈಸೂರು, ಬೆಂಗಳೂರು ಕಡೆಯವರಿಗೆ ಒಂದು ಮಾತು. ನೀವು ಕರ್ನಾಟಕ ಸಂಗೀತ ಕೇಳಿ ಬೆಳೆದಿದ್ರೆ ಪಲ್ಲವಿ, ಅನುಪಲ್ಲವಿ, ಚರಣ ಗೊತ್ತಿರುತ್ತೆ. ಅಲ್ಲಿ ರಾಗಾಲಾಪನೆ ಮೊದಲು ಬರುತ್ತೆ, ತಾಳ ಇಲ್ಲದೆ. ಆಮೇಲೆ ಕೃತಿ, ತಾಳದ ಜೊತೆ. ಬಡಾ ಖಯಾಲ್‌ನಲ್ಲಿ ಆಲಾಪ ಹೆಚ್ಚಾಗಿ ನಡೆಯೋದು ತಾಳದ ಒಳಗೇ, ತಬಲಾ ನಿಧಾನವಾಗಿ ಓಡ್ತಾ ಇರುವಾಗಲೇ. ‘ಹಾಡು ಇನ್ನೂ ಶುರುವಾಗಿಲ್ಲ’ ಅಂತ ನಮಗೆ ಅನ್ನಿಸೋದು ಇದಕ್ಕೇ. ಅದು ಯಾವಾಗಲೋ ಶುರುವಾಗಿರುತ್ತೆ. ನಾವು ಕಾಯ್ತಾ ಇರೋದೇ ಹಾಡು.

ಕಳೆದುಹೋಗದೆ ಇರೋಕೆ ಐದು ಗುರುತು

ಈಗ ಕೆಲಸದ ಭಾಗ. ಅಜ್ಜ ಬೆರಳಲ್ಲಿ ಏನು ಎಣಿಸ್ತಿದ್ರು ಅಂತ ಮುಂದಿನ ವರ್ಷದೊಳಗೆ ಕಲಿತೆ. ಭೀಮಸೇನರ ಯಾವುದಾದರೂ ಒಂದು ದೀರ್ಘ ರೆಕಾರ್ಡಿಂಗ್ ಹಾಕ್ಕೊಳ್ಳಿ. ರಾಗ ಯಮನ್ ಆದರೆ ಒಳ್ಳೇದು. ನಮ್ಮ ಕಲ್ಯಾಣಿಗೆ ಹತ್ತಿರದ ರಾಗ, ಸಂಜೆಯದು.

ಮೊದಲ ಗುರುತು: ತಿರಕಿಟ. ಕಿರಾಣಾದವರ ಬಡಾ ಖಯಾಲ್ ಹೆಚ್ಚಾಗಿ ವಿಲಂಬಿತ ಏಕತಾಲದಲ್ಲಿರುತ್ತೆ. ಹನ್ನೆರಡು ಮಾತ್ರೆ. ಬೋಲ್ ಹೀಗಿದೆ: ಧಿಂ, ಧಿಂ, ಧಾಗೆ, ತಿರಕಿಟ, ತೂ, ನಾ, ಕತ್, ತಾ, ಧಾಗೆ, ತಿರಕಿಟ, ಧಿಂ, ನಾ. ಒಂದೊಂದು ಮಾತ್ರೆಗೆ ನಾಲ್ಕು ಸೆಕೆಂಡ್ ಅಂದುಕೊಂಡರೂ ಒಂದು ಸುತ್ತಿಗೆ 48 ಸೆಕೆಂಡ್. ಅಷ್ಟು ನಿಧಾನವಾದ್ದನ್ನ ಹೊಸಬರು ಎಣಿಸೋದು ಕಷ್ಟ. ಅದಕ್ಕೇ ಎಣಿಸಬೇಡಿ. ಗಾಯಕರನ್ನ ಬಿಟ್ಟು ಐದು ನಿಮಿಷ ತಬಲಾ ಮಾತ್ರ ಕೇಳಿ. ಸುತ್ತಿನಲ್ಲಿ ಎರಡೇ ಸಲ, ನಾಲ್ಕನೇ ಮತ್ತು ಹತ್ತನೇ ಮಾತ್ರೆಯಲ್ಲಿ, ಕಾಳು ಉದುರಿದ ಹಾಗೆ ‘ತಿರಕಿಟ’ ಕೇಳುತ್ತೆ. ಎರಡನೇ ತಿರಕಿಟ ಆದ ಮೇಲೆ ಇನ್ನೆರಡು ಮಾತ್ರೆ, ಧಿಂ, ನಾ. ಅಷ್ಟೇ, ಮತ್ತೆ ಒಂದನೇ ಮಾತ್ರೆ. ಅದಕ್ಕೆ ‘ಸಮ್’ ಅಂತಾರೆ.

ಎರಡನೇ ಗುರುತು: ಮುಖಡಾ. ಎರಡನೇ ತಿರಕಿಟ ಕಳೆದ ಮೇಲೆ ಗಾಯಕರು ಬಂದಿಶ್‌ನ ಮೊದಲ ತುಣುಕನ್ನ ಎತ್ತಿಕೊಂಡು, ಅದರ ಒಂದು ಒತ್ತಿನ ಅಕ್ಷರವನ್ನ ಸರಿಯಾಗಿ ಸಮ್ ಮೇಲೆ ಇಳಿಸ್ತಾರೆ. ಈ ತುಣುಕೇ ಮುಖಡಾ. ಎಲ್ಲಿಗೇ ಹೋಗಿದ್ರೂ ಇದನ್ನ ಹಿಡ್ಕೊಂಡೇ ಮನೆಗೆ ಬರಬೇಕು. ಪೆಂಡಾಲಿನಲ್ಲಿ ಇದ್ದಕ್ಕಿದ್ದ ಹಾಗೆ ನೂರಾರು ತಲೆ ಒಟ್ಟಿಗೆ ಅಲ್ಲಾಡೋದು, ‘ಕ್ಯಾ ಬಾತ್’ ಅನ್ನೋದು ಈ ಕ್ಷಣಕ್ಕೆ. ನಾನು ಮೊದಲ ವರ್ಷ ‘ಅದೇ ಎರಡು ಮೂರು ಶಬ್ದ’ ಅಂದುಕೊಂಡು ಬೇಸತ್ತದ್ದು ಈ ಮುಖಡಾಕ್ಕೇ. ಅದು ಪುನರಾವರ್ತನೆ ಅಲ್ಲ, ವಾಪಸಾತಿ.

ಮೂರನೇ ಗುರುತು: ಬಢತ್. ಅಂದರೆ ಬೆಳವಣಿಗೆ. ತಂಬೂರಿಯ ಷಡ್ಜವನ್ನ ಮನಸ್ಸಲ್ಲಿ ಹಿಡ್ಕೊಳ್ಳಿ. ಗಾಯಕರು ಈಗ ಯಾವ ಸ್ವರದ ತನಕ ಬಂದಿದ್ದಾರೆ ಅಂತ ಗಮನಿಸಿ. ಯಮನ್‌ನಲ್ಲಿ ಮೊದಲು ಕೆಳಗಿನ ನಿಷಾದ, ಷಡ್ಜ, ರಿಷಭದ ಸುತ್ತ ಓಡಾಡ್ತಾರೆ. ಎಷ್ಟೋ ಸುತ್ತು ಗಾಂಧಾರವನ್ನ ಬರೀ ಮುಟ್ಟಿ ಬರ್ತಾರೆ. ಆಮೇಲೆ ಒಂದು ಸುತ್ತಿನಲ್ಲಿ ಗಾಂಧಾರದ ಮೇಲೆ ನಿಲ್ತಾರೆ. ಅದು ಆ ರಾಗದ ವಾದಿ ಸ್ವರ, ಹೆಚ್ಚು ತೂಕದ್ದು. ಅಲ್ಲಿಂದ ತೀವ್ರ ಮಧ್ಯಮ, ಪಂಚಮ, ಹೀಗೆ ಒಂದೊಂದೇ ಮೆಟ್ಟಿಲು. ಹೊಸ ಸ್ವರ ಬಂದಾಗ ಹೊಸ ಪಾತ್ರ ರಂಗಕ್ಕೆ ಬಂದ ಹಾಗೆ. ಬೇಕಂತಲೇ ತಡ ಮಾಡ್ತಾರೆ, ನಾವು ಕಾಯಲಿ ಅಂತ.

ನಾಲ್ಕನೇ ಗುರುತು: ಅಂತರಾ. ಮೆಟ್ಟಿಲು ಹತ್ತಿ ಮೇಲಿನ ಷಡ್ಜಕ್ಕೆ ಬರೋ ಕ್ಷಣ. ಭೀಮಸೇನರ ಗಾಯನದಲ್ಲಿ ಇದು ಬರೋ ಹೊತ್ತಿಗೆ ನಿಮಗೆ ಉಸಿರು ಕಟ್ಟಿರುತ್ತೆ. ಮೇಲಿನ ಷಡ್ಜದಲ್ಲಿ ನಿಂತು, ಅಲುಗಾಡದೆ, ಅದೊಂದನ್ನೇ ತುಂಬ್ತಾರೆ. ಕಟ್ಟಡದ ನೆತ್ತಿ ಇದು. ಇಲ್ಲಿಯ ತನಕ ಕೂತಿದ್ದರೆ ನೀವು ಗೆದ್ದ ಹಾಗೆ.

ಐದನೇ ಗುರುತು: ಲಯ ಏರೋದು. ಅಂತರಾ ಆದ ಮೇಲೆ ಶಬ್ದಗಳನ್ನ ಒಡೆದು ಲಯದ ಜೊತೆ ಆಡ್ತಾರೆ, ಸರ್ಗಮ್ ಹಾಡ್ತಾರೆ, ಕೊನೆಗೆ ತಾನ್ ಬರುತ್ತೆ, ಅಂದರೆ ವೇಗದ ಸ್ವರಗಳ ಸುರಿಮಳೆ. ಸರ್ಗಮನ್ನ ಖಯಾಲ್‌ನಲ್ಲಿ ಅಷ್ಟು ಧಾರಾಳವಾಗಿ ತಂದವರಲ್ಲಿ ಅಬ್ದುಲ್ ಕರೀಮ್ ಖಾನರು ಮುಖ್ಯರು. ಮೈಸೂರಿನ ಓಡಾಟದಲ್ಲಿ ಕೇಳಿದ ಕರ್ನಾಟಕ ಸಂಗೀತದ ಪ್ರಭಾವ ಅದು ಅಂತಾರೆ. ಅವರು ತ್ಯಾಗರಾಜರ ಕೃತಿಯೊಂದನ್ನೂ ರೆಕಾರ್ಡ್ ಮಾಡಿದ್ದಾರೆ. ಇದೆಲ್ಲ ಮುಗಿದ ಮೇಲೆ ತಾಳ ಬದಲಾಗುತ್ತೆ, ಸಾಮಾನ್ಯವಾಗಿ ಹದಿನಾರು ಮಾತ್ರೆಯ ತೀನ್‌ತಾಲಕ್ಕೆ. ಅದೇ ರಾಗದಲ್ಲಿ ಇನ್ನೊಂದು ಬಂದಿಶ್, ಚುರುಕಾಗಿ. ಅದು ಛೋಟಾ ಖಯಾಲ್. ಮೊದಲ ಸಲ ಕೇಳುವವರಿಗೆ ಇದು ತಕ್ಷಣ ಹಿಡಿಸುತ್ತೆ. ಆದರೆ ಮೊದಲಿನ ಅರ್ಧ ಗಂಟೆ ಕೇಳಿದವರಿಗೆ ಇದೇ ವೇಗ ಬೇರೆಯಾಗಿ ಕೇಳುತ್ತೆ. ನಡೆದು ಪರಿಚಯವಾದ ಬೀದಿಯಲ್ಲಿ ಬೈಕ್ ಓಡಿಸಿದ ಹಾಗೆ.

ಧಾರವಾಡದ ಮಣ್ಣು, ಮೂರು ಶೈಲಿ

ಮೇಲಿನ ನಕ್ಷೆ ಎಲ್ಲರಿಗೂ ಒಂದೇ ಅಲ್ಲ. ಘರಾಣೆ ಅನ್ನೋದು ಈ ನಕ್ಷೆಯಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನೋ ಅಭಿಪ್ರಾಯ. ಮೂವರು ಕನ್ನಡ ನೆಲದ ಗಾಯಕರನ್ನ ಪಕ್ಕಪಕ್ಕ ಇಟ್ಟು ಕೇಳಿ, ಗೊತ್ತಾಗುತ್ತೆ.

ಭೀಮಸೇನರದು ಕಿರಾಣಾ: ಸ್ವರವೇ ಮುಖ್ಯ, ತುಂಬ ನಿಧಾನದ ಲಯ, ಒಂದೊಂದು ಸ್ವರಕ್ಕೂ ಪೂರ್ತಿ ಹೊತ್ತು. ಅದರ ಮೇಲೆ ತಮ್ಮದೇ ಆದ ಗುಡುಗಿನಂಥ ತಾನ್‌ಗಳನ್ನ ಸೇರಿಸಿಕೊಂಡರು.

ಮಲ್ಲಿಕಾರ್ಜುನ ಮನ್ಸೂರರು ಧಾರವಾಡದ ಪಕ್ಕದ ಮನ್ಸೂರಿನವರು, 1910ರಲ್ಲಿ ಹುಟ್ಟಿದವರು. ಮೊದಲು ಮಿರಜದಲ್ಲಿ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಪದ್ಧತಿ, ಆಮೇಲೆ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಹತ್ತಿರ ಜೈಪುರ-ಅತ್ರೌಲಿ. ಇಲ್ಲಿ ಲಯ ಅಷ್ಟು ನಿಧಾನ ಅಲ್ಲ, ಹೆಚ್ಚಾಗಿ ತೀನ್‌ತಾಲ. ಅಪರೂಪದ ರಾಗಗಳು, ಒಂದಕ್ಕೊಂದು ಹೆಣೆದುಕೊಂಡ ಜೋಡುರಾಗಗಳು. ಒಂದು ಸ್ವರದಲ್ಲಿ ನಿಂತು ಕಾಯಿಸೋದಿಲ್ಲ, ವಾಕ್ಯದಿಂದ ವಾಕ್ಯಕ್ಕೆ ಬಿಡದೆ ಹರೀತಾರೆ. ಸಮ್‌ಗೆ ಬರೋ ದಾರಿ ಪ್ರತಿ ಸಲ ಬೇರೆ. ಗಮನ ಒಂದು ಕ್ಷಣ ತಪ್ಪಿದ್ರೆ ನಾಲ್ಕು ತಿರುವು ಕಳ್ಕೊಂಡಿರ್ತೀವಿ.

ಮೂರನೆಯವರು ಕುಮಾರ ಗಂಧರ್ವ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಮುಂಬೈನಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತರು. ಕ್ಷಯರೋಗ ಬಂದು ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಆ ಕಾಲದಲ್ಲಿ ಮಾಳವದ ಜಾನಪದ ಹಾಡುಗಳನ್ನ ಕೇಳಿದರು. ಎದ್ದ ಮೇಲೆ ಅವರ ಗಾಯನವೇ ಬೇರೆ: ಸಣ್ಣ ಸಣ್ಣ ವಾಕ್ಯ, ಥಟ್ಟನೆ ಬರೋ ಮೌನ, ಮಧ್ಯಲಯದ ಬಂದಿಶ್‌ಗಳಿಗೆ ಹೆಚ್ಚು ಮಹತ್ವ. ಮೆಟ್ಟಿಲು ಹತ್ತುವ ಕ್ರಮವೇ ಏಕೈಕ ದಾರಿ ಅಂತ ಅವರು ಒಪ್ಪಲಿಲ್ಲ.

ಒಂದೇ ಪ್ರದೇಶ, ಹದಿನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದ ಮೂವರು, ಒಂದೇ ಪ್ರಕಾರ. ಮೂರು ಉತ್ತರ.

ಮೂರು ನಿಮಿಷ ಮತ್ತು ರಾತ್ರಿ ಹತ್ತು ಗಂಟೆ

ಸಂಗೀತದ ರೂಪ ಆಕಾಶದಿಂದ ಇಳಿದದ್ದಲ್ಲ. ಸುತ್ತಲಿನ ಯಂತ್ರ, ಕಾಯ್ದೆ ಅದನ್ನ ತಿದ್ದುತ್ತವೆ. 78 ಆರ್‌ಪಿಎಂ ರೆಕಾರ್ಡ್‌ನ ಒಂದು ಮುಖದಲ್ಲಿ ಹಿಡಿಸ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಯ ಖಯಾಲನ್ನ ಅಲ್ಲಿ ಹಾಕೋಕೆ ಆಗಲ್ಲ. ಹಾಗಾಗಿ ಅಬ್ದುಲ್ ಕರೀಮ್ ಖಾನರಂಥವರು ಮೂರು ನಿಮಿಷದಲ್ಲಿ ರಾಗದ ಸಾರ ಹಿಂಡಿ ಕೊಟ್ಟರು. ಅವರ ಝಿಂಝೋಟಿ ರಾಗದ ಠುಮ್ರಿಯ ರೆಕಾರ್ಡ್ ಕೇಳಿಯೇ ಭೀಮಸೇನ ಎಂಬ ಹುಡುಗ ಮನೆ ಬಿಟ್ಟದ್ದು. ಮುಂದೆ ಎಲ್‌ಪಿ ಬಂದು ಒಂದು ಮುಖಕ್ಕೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಾಗ ಬಡಾ ಖಯಾಲ್ ಡಿಸ್ಕಿನ ಮೇಲೂ ಬಂತು.

ಕಾಯ್ದೆಯ ಕಥೆ ಪುಣೆಯದೇ. ಸವಾಯಿ ಉತ್ಸವ ಮೊದಲು ರಾತ್ರಿಯಿಡೀ ನಡೀತಿತ್ತು. ಸಂಜೆ ಯಮನ್, ಮಧ್ಯರಾತ್ರಿ ಮಾಲ್‌ಕೌಂಸ್ ಅಥವಾ ದರ್ಬಾರಿ, ಬೆಳಗಿನ ಜಾವ ಲಲಿತ್, ಬೆಳಕಾದ ಮೇಲೆ ತೋಡಿ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಇದೆ. ರಾತ್ರಿ 10ರ ನಂತರ ಧ್ವನಿವರ್ಧಕ ಬೇಡ ಅನ್ನೋ ನಿಯಮ ಬಂದ ಮೇಲೆ ಆ ಅಹೋರಾತ್ರಿ ನಿಂತು, ಕಾರ್ಯಕ್ರಮ ಹಗಲಿನ ಕಡೆಗೆ ಸರಿಯಿತು. ಅಕ್ಕಪಕ್ಕ ಮಲಗುವವರಿದ್ದಾರೆ, ನಿಯಮ ತಪ್ಪು ಅನ್ನಲ್ಲ. ಆದರೆ ಲಲಿತ್ ರಾಗವನ್ನ ಪೆಂಡಾಲಿನಲ್ಲಿ ಕೂತು, ಚಳಿಯಲ್ಲಿ, ಅದರ ಹೊತ್ತಿನಲ್ಲೇ ಕೇಳೋ ಭಾಗ್ಯ ನಮ್ಮ ಪೀಳಿಗೆಗೆ ಸಿಗಲಿಲ್ಲ. ನನಗೆ ಇದು ನಿಜವಾದ ನಷ್ಟ ಅನ್ನಿಸುತ್ತೆ.

ಹಾಗಾದ್ರೆ ಇದು ಯಾರ ಸಂಗೀತ?

ಆಫೀಸಿನ ಕ್ಯಾಂಟೀನ್‌ನಲ್ಲಿ ಈ ಜಗಳ ಆಗಾಗ ಆಗುತ್ತೆ. ‘ಭೀಮಸೇನ ಜೋಶಿ ನಮ್ಮವರು’ ಅಂತ ನಾವು, ‘ಪುಣೆಯಲ್ಲೇ ಬದುಕಿದವರು, ನಮ್ಮವರು’ ಅಂತ ಅವರು. ನಾನೂ ಕಿರುಚಿದ್ದೀನಿ. ಈಗ ಕಿರುಚಲ್ಲ. ಯಾಕೆ ಅಂತ ಹೇಳ್ತೀನಿ.

ಖಯಾಲ್ ಮುಗಿದ ಮೇಲೆ ಗಾಯಕರು ಹಗುರಾದ ಪ್ರಕಾರಕ್ಕೆ ಬರ್ತಾರೆ. ಭೀಮಸೇನರ ಹತ್ತಿರ ಅದಕ್ಕೆ ಹಲವು ಭಾಷೆ ಇತ್ತು. ಠುಮ್ರಿ ಹಿಂದಿಯಲ್ಲಿ. ಅಭಂಗ ಮರಾಠಿಯಲ್ಲಿ, ತುಕಾರಾಮ, ನಾಮದೇವರ ರಚನೆಗಳು, ಅವರ ‘ಸಂತವಾಣಿ’ ಕಾರ್ಯಕ್ರಮಗಳು ಇಲ್ಲಿ ಮನೆಮಾತು. ದಾಸರ ಪದ ಕನ್ನಡದಲ್ಲಿ. ಲಕ್ಷ್ಮಿಯನ್ನ ಮನೆಗೆ ಕರೆಯೋ ಪುರಂದರದಾಸರ ಆ ಪದವನ್ನ ಅವರ ದನಿಯಲ್ಲಿ ಕೇಳದ ಕನ್ನಡ ಮನೆ ಕಡಿಮೆ. ನಾಟ್ಯಗೀತೆಯೂ ಹೀಗೇ ಎರಡು ಕಡೆಯದು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ರಂಗಭೂಮಿಯ ಹಾಡುಗಳಲ್ಲಿ ಕನ್ನಡದ ಮಟ್ಟುಗಳೂ ಸೇರಿಕೊಂಡವು. ಸವಾಯಿ ಗಂಧರ್ವರೂ ಹೆಸರು ಮಾಡಿದ್ದು ಇದೇ ಮರಾಠಿ ರಂಗದಲ್ಲಿ, ಸ್ತ್ರೀ ಪಾತ್ರಗಳಲ್ಲಿ. ಆ ಕಡೆ ಮನ್ಸೂರರು ಧಾರವಾಡದಲ್ಲೇ ಇದ್ದು ಶರಣರ ವಚನಗಳನ್ನ ಇದೇ ರಾಗಗಳಲ್ಲಿ ಹಾಡಿದರು.

ಅಂದರೆ ದೆಹಲಿಯ ಬಂದಿಶ್, ಕೈರಾನಾದ ಗುರು, ಕುಂದಗೋಳದ ಪಾಠ, ಮಿರಜದ ತಂಬೂರಿ, ಪುಣೆಯ ಕೇಳುಗ. ಒಂದನ್ನ ತೆಗೆದರೂ ಆ ಸಂಜೆ ಆಗಲ್ಲ. ಇಲ್ಲಿ ಕೇಳುಗರನ್ನ ಕೊನೆಗೆ ಹೇಳಿದೆ, ಆದರೆ ಅವರ ಪಾಲು ಕಡಿಮೆ ಅಲ್ಲ. ನಿಧಾನದ ಅರ್ಧ ಗಂಟೆ ಕೂತು, ಬೆರಳು ಮಡಚಿ, ಸಮ್ ಬಂದಾಗ ತಲೆ ಅಲ್ಲಾಡಿಸೋ ಸಾವಿರಾರು ಜನ ಇಲ್ಲಿ ಇದ್ದದ್ದಕ್ಕೇ ಗದಗಿನ ಹುಡುಗ ಇಲ್ಲಿ ನೆಲೆ ನಿಂತದ್ದು. ಕೂತು ಕೇಳೋಕೆ ಬಾರದೆ ‘ನಮ್ಮವರು’ ಅಂತ ಹಕ್ಕು ಸಾಧಿಸೋದು, ಕೀಲಿ ಕಳ್ಕೊಂಡ ಮನೆಯ ಮುಂದೆ ನಿಂತು ಪತ್ರ ತೋರಿಸಿದ ಹಾಗೆ. ಮನೆ ನಿಮ್ಮದೇ ಇರಬಹುದು, ಒಳಗೆ ಹೋಗೋಕೆ ಆಗಲ್ವಲ್ಲ.

ಉತ್ಸವದ ಕೊನೆಯಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಹಾಡಿ ಮುಗಿಸಿದ ಮೇಲೆ ಸವಾಯಿ ಗಂಧರ್ವರ ಹಳೆಯ ಭೈರವಿ ರೆಕಾರ್ಡ್ ಹಾಕ್ತಾರೆ. ಗರಗರ ಸದ್ದು, ಅದರ ಹಿಂದಿನಿಂದ ಒಂದು ತೆಳ್ಳಗಿನ ದನಿ. ಮೂರು ನಿಮಿಷ. ಗಲಾಟೆ ಇಲ್ಲ.

ಎರಡನೇ ವರ್ಷ ನಾನು ಕೊನೆಯ ತನಕ ಕೂತೆ. ಆ ಅಜ್ಜ ಎಲ್ಲೂ ಕಾಣಲಿಲ್ಲ. ಅವತ್ತು ಸಂಜೆ ಒಬ್ಬ ಗಾಯಕಿಯ ವಿಲಂಬಿತದಲ್ಲಿ ಎರಡನೇ ತಿರಕಿಟ ಕೇಳಿ, ಧಿಂ, ನಾ ಅಂತ ಕಾದು, ಸಮ್ ಬಂದಾಗ ನನ್ನ ತಲೆ ತಾನಾಗೇ ಅಲ್ಲಾಡಿತ್ತು. ಎಡಗಡೆ, ಬಲಗಡೆ, ಮುಂದೆ, ಎಲ್ಲ ತಲೆಗಳೂ ಅದೇ ಕ್ಷಣಕ್ಕೆ ಅಲ್ಲಾಡಿದವು. ಯಾವ ಊರು ಅಂತ ಯಾರೂ ಕೇಳಲಿಲ್ಲ.

ಈಗ ಉತ್ಸವ ಮುಕುಂದನಗರದಲ್ಲಿ ನಡೆಯುತ್ತೆ. ಹಿಂಜವಡಿ, ಖರಾಡಿಯಿಂದ ದೂರ ಅನ್ನಿಸಬಹುದು, ಟ್ರಾಫಿಕ್ ಇದ್ದದ್ದೇ. ಡಿಸೆಂಬರ್‌ಗೆ ಮುಂಚೆ ವಾರಕ್ಕೆ ಒಂದು ಬಡಾ ಖಯಾಲ್ ಕೇಳಿ, ತಿರಕಿಟ ಹುಡುಕಿ. ಮೊದಲ ಮೂರು ವಾರ ಸಿಗದೇ ಇರಬಹುದು, ಬಿಡಬೇಡಿ. ಮತ್ತೆ ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಅರ್ಧ ದಿನ ತೆಗೆದಿಟ್ಟು ಕುಂದಗೋಳಕ್ಕೆ ಹೋಗಿ ಬನ್ನಿ. ಪಾಠ ನಡೆದ ನಾಡಗೀರ ವಾಡೆ ಅಲ್ಲೇ ಇದೆ, ಅವರ ನೆನಪಿನ ಸಂಗೀತೋತ್ಸವವೂ ನಡೆಯುತ್ತೆ. ನಾನು ಕಡೆಗೂ ಆ ಸ್ಟೇಷನ್‌ನಲ್ಲಿ ಇಳಿದೆ. ಅಜ್ಜ ಮತ್ತೆ ಸಿಕ್ಕರೆ ಹೇಳೋಕೆ ಈಗ ನನ್ನ ಹತ್ತಿರ ಒಂದು ವಾಕ್ಯ ಇದೆ: ಹೌದು, ಅಲ್ಲಿ ಈಗಲೂ ಹಾಡ್ತಾರೆ.

ಮುಂದಿನ ವಿಡಿಯೋದಲ್ಲಿ ತೀನ್‌ತಾಲ ಎಣಿಸೋದು ಮತ್ತು ಮನ್ಸೂರರ ಒಂದು ಜೋಡುರಾಗ. ಸಿಗೋಣ.